ನಮ್ಮ ವಿವರ, ನಮ್ಮ ಸ್ವತ್ತು



ಬಿಜ್ಜರಗಿ ತಿಕೋಟಾ ತಾಲೂಕಿನ ಊರು. ವಿಜಯಪುರ ಜಿಲ್ಲೆಯ ಈ ಭಾಗದಲ್ಲಿ ಜೋಳ, ತೊಗರಿ ಬೆಳೆಯುತ್ತಾರೆ. ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುತ್ತಾರೆ. ಬೆಳೆ ಅಂದ ಮೇಲೆ ಗೊಬ್ಬರ ಬೇಕು, ಔಷಧ ಬೇಕು. ಅದಕ್ಕೆ ಅಂಗಡಿಗೆ ಹೋಗಲೇಬೇಕು.

ಹಿಂದೆ ಅಂಗಡಿಯಲ್ಲಿ ಒಂದು ವಹಿ ಇರುತ್ತಿತ್ತು. ಅದರಲ್ಲಿ ಉದ್ರಿ ಲೆಕ್ಕ ಬರೆಯುತ್ತಿದ್ದರು. ಯಾರು ಎಷ್ಟು ಒಯ್ದರು, ಯಾರು ಎಷ್ಟು ಕೊಡಬೇಕು, ಎಲ್ಲಾ ಅದರಲ್ಲಿ. ಒಳ್ಳೆಯ ಸಾವಕಾರ ಆ ವಹಿಯನ್ನು ಹತ್ತು ಮಂದಿಯ ಎದುರು ಬಿಚ್ಚುತ್ತಿರಲಿಲ್ಲ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಸಂಜೆ ವಹಿ ಪೆಟ್ಟಿಗೆ ಸೇರುತ್ತಿತ್ತು. ಪೆಟ್ಟಿಗೆಗೆ ಬೀಗ ಬೀಳುತ್ತಿತ್ತು.

ಯಾಕೆ? ಮಂದಿಯ ಮಾನ ಆ ವಹಿಯಲ್ಲಿತ್ತು. ಮನೆಯ ಸಾಲದ ಸುದ್ದಿ ಊರ ತುಂಬ ಆದರೆ ತಲೆ ಎತ್ತಿ ತಿರುಗುವುದು ಕಷ್ಟ. ಅದು ಸಾವಕಾರನಿಗೂ ಗೊತ್ತಿತ್ತು, ಗಿರಾಕಿಗೂ ಗೊತ್ತಿತ್ತು.

ಈಗ ವಹಿಯ ಜೊತೆಗೆ ಕಂಪ್ಯೂಟರ್ ಬಂದಿದೆ. ಮೊಬೈಲ್ ಬಂದಿದೆ. ಹೆಬ್ಬೆಟ್ಟಿನ ಮಷೀನ್ ಬಂದಿದೆ. ನಮ್ಮ ಉದ್ರಿ ಲೆಕ್ಕ ಮಾತ್ರ ಅಲ್ಲ, ಇನ್ನೂ ಎಷ್ಟೋ ವಿವರ ಅಂಗಡಿಯವರ ಕೈಯಲ್ಲಿ ಇದೆ. ಆ ವಿವರಕ್ಕೆ ಬೀಗ ಇದೆಯೆ? ಬೀಗದ ಕೈ ಯಾರ ಹತ್ತಿರ ಇದೆ? ಇದನ್ನು ತಿಳಿದುಕೊಳ್ಳೋಣ.

ವೈಯಕ್ತಿಕ ಮಾಹಿತಿ ಎಂದರೇನು?

ನಿಮ್ಮ ಹೆಸರು. ನಿಮ್ಮ ಫೋನ್ ನಂಬರು. ಮನೆಯ ವಿಳಾಸ. ಆಧಾರ್ ಕಾರ್ಡಿನ 12 ಅಂಕಿ. ಬ್ಯಾಂಕಿನ ಪಾಸ್‌ಬುಕ್. ಹೊಲದ ಉತಾರ. ನಿಮ್ಮ ಫೋಟೊ. ನಿಮ್ಮ ಹೆಬ್ಬೆಟ್ಟಿನ ಗುರುತು. ದವಾಖಾನೆಯ ಚೀಟಿ.

ಇವೆಲ್ಲ ನಿಮ್ಮ ಗುರುತು ಹೇಳುವ ವಿವರಗಳು. ಇವನ್ನೇ ವೈಯಕ್ತಿಕ ಮಾಹಿತಿ ಎನ್ನುತ್ತಾರೆ.

ಒಂದೊಂದೇ ವಿವರ ನೋಡಿದರೆ ಸಣ್ಣದು. "ನನ್ನ ಫೋನ್ ನಂಬರು ಇದ್ದರ ಏನಾಕ್ಕತಿ ಬಿಡ್ರಿ" ಎಂದು ನಾವು ಅನ್ನುತ್ತೇವೆ. ಆದರೆ ಎಲ್ಲ ವಿವರ ಒಬ್ಬನ ಕೈಗೆ ಸೇರಿದರೆ? ಅವನು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಳ್ಳಬಹುದು. ನಿಮ್ಮ ಹೆಸರಿನಲ್ಲಿ ಸಾಲ ಕೇಳಬಹುದು. ನಿಮ್ಮ ಖಾತೆಯ ಹಣಕ್ಕೆ ಕೈ ಹಾಕಬಹುದು.

ಹೆಬ್ಬೆಟ್ಟು ಈಗ ಬೀಗದ ಕೈ

ಹಿಂದೆ ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಕಾಗದದಲ್ಲಿ ಏನು ಬರೆದಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಅದರಿಂದ ಹೊಲ ಕಳೆದುಕೊಂಡವರಿದ್ದಾರೆ. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ "ಹೆಬ್ಬೆಟ್ಟು ಬಿಡಿ, ಸಹಿ ಮಾಡಿ" ಎಂದು ಹಳ್ಳಿ ಹಳ್ಳಿಗಳಲ್ಲಿ ಹೇಳಿದ್ದು ಇದಕ್ಕೇ.

ಈಗ ಹೆಬ್ಬೆಟ್ಟು ಮತ್ತೆ ಬಂದಿದೆ. ಕಲಿತವರೂ ಒತ್ತಬೇಕು, ಕಲಿಯದವರೂ ಒತ್ತಬೇಕು. ರೇಶನ್ ಅಂಗಡಿಯಲ್ಲಿ ಒತ್ತುತ್ತೇವೆ. ಗೊಬ್ಬರದ ಅಂಗಡಿಯಲ್ಲಿ ಒತ್ತುತ್ತೇವೆ. ಹಣ ತೆಗೆಯಲೂ ಒತ್ತುತ್ತೇವೆ.

ಗೊಬ್ಬರಕ್ಕೆ ಹೆಬ್ಬೆಟ್ಟು ಯಾಕೆ? ಯೂರಿಯಾಕ್ಕೆ ಸರಕಾರ ಸಬ್ಸಿಡಿ ಕೊಡುತ್ತದೆ. ಆ ಹಣ ಗೊಬ್ಬರದ ಕಂಪನಿಗೆ ಹೋಗುತ್ತದೆ. ಗೊಬ್ಬರ ನಿಜವಾಗಿ ರೈತರಿಗೆ ಮುಟ್ಟಿತೆ? ಇದರ ಲೆಕ್ಕ ಸರಕಾರಕ್ಕೆ ಬೇಕು. ಅದಕ್ಕಾಗಿ 2018ರಿಂದ ದೇಶದ ತುಂಬ ಅಂಗಡಿಗಳಲ್ಲಿ ಮಷೀನ್ ಇಟ್ಟಿದ್ದಾರೆ. ನೀವು ಹೆಬ್ಬೆಟ್ಟು ಇಟ್ಟಾಗ ಮಷೀನು ಆಧಾರ್ ಕಚೇರಿಯನ್ನು ಕೇಳುತ್ತದೆ: "ಈ ಹೆಬ್ಬೆಟ್ಟು ಇವರದೇ ಏನು?" ಅಲ್ಲಿಂದ "ಹೌದು" ಅಥವಾ "ಅಲ್ಲ" ಎಂದು ಉತ್ತರ ಬರುತ್ತದೆ. ಅಷ್ಟೇ ಕೆಲಸ. ನಿಮ್ಮ ಬೆರಳಚ್ಚನ್ನು ಅಂಗಡಿಯವರು ತಮ್ಮ ಹತ್ತಿರ ಇಟ್ಟುಕೊಳ್ಳುವಂತಿಲ್ಲ. 2016ರ ಆಧಾರ್ ಕಾಯ್ದೆ ಇದನ್ನು ಒಪ್ಪುವುದಿಲ್ಲ.

ಹಣಕ್ಕೆ ಹೆಬ್ಬೆಟ್ಟು ಇಡುವ ಮಷೀನು ಬೇರೆ. ಬ್ಯಾಂಕಿನ ಪರವಾಗಿ ಊರಿನ ಸಣ್ಣ ಅಂಗಡಿಯವರೇ ಅದನ್ನು ಇಟ್ಟುಕೊಂಡಿರುತ್ತಾರೆ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಹೆಬ್ಬೆಟ್ಟು. ಈ ಮೂರು ಇದ್ದರೆ ಒಂದು ಸಲಕ್ಕೆ 10 ಸಾವಿರ ರೂಪಾಯಿವರೆಗೆ ತೆಗೆಯಬಹುದು. ಎಟಿಎಂ ಕಾರ್ಡು ಬೇಡ, ಗುಪ್ತ ನಂಬರು ಬೇಡ.

ಇದರಿಂದ ನಮಗೆ ಅನುಕೂಲ ಇದೆ. ವಯಸ್ಸಾದವರು ಪಿಂಚಣಿಗಾಗಿ ವಿಜಯಪುರದವರೆಗೆ ಹೋಗಬೇಕಿಲ್ಲ. ಗೃಹಲಕ್ಷ್ಮಿ ಹಣವನ್ನು ಊರಲ್ಲೇ ತೆಗೆಯಬಹುದು. ಆದರೆ ಅನುಕೂಲ ಇದ್ದಲ್ಲಿ ಕಳ್ಳನ ಕಣ್ಣೂ ಇರುತ್ತದೆ.

ಎರಡು ನಿಜ ಸಂಗತಿಗಳು

ಒಂದನೆಯದು 2018ರದು. ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಒಬ್ಬ ಸಿಮ್ ವ್ಯಾಪಾರಿ ಇದ್ದ. ಹೆಚ್ಚು ಸಿಮ್ ಮಾರಿದ ಲೆಕ್ಕ ತೋರಿಸಬೇಕೆಂದು ಅವನಿಗೆ ಆಸೆ. ಹೊಲ, ಮನೆ ಖರೀದಿಯ ನೋಂದಣಿ ಕಾಗದಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತಿದ್ದವು. ಅವುಗಳಲ್ಲಿ ಮಂದಿಯ ಹೆಬ್ಬೆಟ್ಟು ಇತ್ತು, ಆಧಾರ್ ನಂಬರೂ ಇತ್ತು. ಅವನು ಆ ಹೆಬ್ಬೆಟ್ಟಿನ ರಬ್ಬರ್ ಅಚ್ಚು ಮಾಡಿದ. ಆ ಅಚ್ಚನ್ನು ಮಷೀನಿಗೆ ಒತ್ತಿ ಯಾರ ಯಾರದೋ ಹೆಸರಿನಲ್ಲಿ ಸಿಮ್ ಚಾಲೂ ಮಾಡಿದ. ಪೊಲೀಸರು ಅವನನ್ನು ಹಿಡಿದರು.

ಎರಡನೆಯದು ನಮ್ಮ ಕರ್ನಾಟಕದ್ದೇ. 2023ರಲ್ಲಿ ಬೆಂಗಳೂರಿನಲ್ಲಿ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಅವರು ಯಾರಿಗೂ ಗುಪ್ತ ನಂಬರು ಹೇಳಿರಲಿಲ್ಲ. ಎಟಿಎಂ ಕಾರ್ಡನ್ನೂ ಕೊಟ್ಟಿರಲಿಲ್ಲ. ಅವರಲ್ಲಿ ಅನೇಕರು ಆಸ್ತಿ ನೋಂದಣಿ ಮಾಡಿಸಿದವರು. ನೋಂದಣಿ ಕಾಗದದ ಹೆಬ್ಬೆಟ್ಟಿನಿಂದ ನಕಲಿ ಅಚ್ಚು ಮಾಡಿ ಕಳ್ಳರು ಹಣ ತೆಗೆದಿದ್ದರು. ಆಮೇಲೆ ಸರಕಾರ ಇಂಥ ಕಾಗದಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮಾಡಲು ಮುಂದಾಯಿತು.

ಈ ಎರಡು ಸಂಗತಿಗಳಲ್ಲಿ ಒಂದು ಪಾಠ ಇದೆ. ಹಣ ಕಳೆದುಕೊಂಡವರು ತಪ್ಪು ಮಾಡಿರಲಿಲ್ಲ. ಅವರ ವಿವರ ಇಟ್ಟುಕೊಂಡ ಜಾಗದಲ್ಲಿ ಬೀಗ ಇರಲಿಲ್ಲ. ಗುಪ್ತ ನಂಬರು ಹೋದರೆ ಹೊಸದು ಮಾಡಿಕೊಳ್ಳಬಹುದು. ಹೆಬ್ಬೆಟ್ಟು ಹೋದರೆ ಹೊಸ ಹೆಬ್ಬೆಟ್ಟು ಎಲ್ಲಿಂದ ತರೋಣ?

ಸಣ್ಣ ಅಂಗಡಿ ಹೇಗಿರಬೇಕು?

ದೊಡ್ಡ ಕಂಪನಿಯಲ್ಲಿ ಇದಕ್ಕೆಂದೇ ಜನ ಇರುತ್ತಾರೆ. ನಮ್ಮ ಊರಿನ ಅಂಗಡಿಯಲ್ಲಿ ಮಾಲೀಕ ಒಬ್ಬ, ಕೆಲಸದ ಹುಡುಗರು ಇಬ್ಬರು. ಅವರಿಂದ ಇದು ಸಾಧ್ಯವೆ? ಸಾಧ್ಯ. ಇದಕ್ಕೆ ಹಣಕ್ಕಿಂತ ಶಿಸ್ತು ಹೆಚ್ಚು ಬೇಕು. ಒಂದು ಗೊಬ್ಬರದ ಅಂಗಡಿ ಇದೆ ಎಂದು ತಿಳಿಯಿರಿ. ಅಲ್ಲಿಗೆ ಒಬ್ಬ ರೈತ ಮಹಿಳೆ ಬಂದಿದ್ದಾಳೆ. ಅವಳ ಗಂಡ ದುಡಿಯಲು ಬೇರೆ ಊರಿಗೆ ಹೋಗಿದ್ದಾನೆ. ಮಾತು ಹೀಗೆ ನಡೆಯುತ್ತದೆ.

"ತಮ್ಮಾ, ಎರಡು ಚೀಲ ಯೂರಿಯಾ ಕೊಡು. ತಗೊ, ಆಧಾರ್ ಝೆರಾಕ್ಸ್, ಪಾಸ್‌ಬುಕ್ ಝೆರಾಕ್ಸ್, ಉತಾರ, ಎಲ್ಲಾ ತಂದೀನಿ."

"ಅಕ್ಕಾರ, ಇಷ್ಟೆಲ್ಲಾ ಯಾಕ ತಂದ್ರಿ? ನಮ್ಮಲ್ಲಿ ಝೆರಾಕ್ಸ್ ಇಟ್ಕೊಳ್ಳೂದಿಲ್ಲ. ಮಷೀನಿಗೆ ಆಧಾರ್ ನಂಬರ ಹಾಕತೀನಿ, ನೀವು ಹೆಬ್ಬಟ್ಟ ಇಡ್ರಿ. ಅಷ್ಟ ಸಾಕು."

"ಪಾಸ್‌ಬುಕ್ ಬ್ಯಾಡೇನು?"

"ಬ್ಯಾಡ್ರಿ. ಗೊಬ್ಬರಕ್ಕ ಪಾಸ್‌ಬುಕ್ಕಿಂದು ಏನು ಕೆಲಸ? ಮನಿಗೆ ಒಯ್ದು ಪೆಟ್ಟಿಗ್ಯಾಗ ಇಡ್ರಿ."

"ಫೋನ್ ನಂಬರ?"

"ಹೊಸ ಮಾಲು ಬಂದಾಗ ಫೋನ್ ಮಾಡಿ ಹೇಳಬೇಕಂದ್ರ ಕೊಡ್ರಿ. ಬ್ಯಾಡಂದ್ರ ಬಿಡ್ರಿ. ಗೊಬ್ಬರ ಅಂತೂ ಕೊಡತೀವಿ."

"ಕೊಡತೀನಿ. ಆದರ ಬ್ಯಾರೆದವರಿಗೆ ಕೊಡಬ್ಯಾಡ ಮತ್ತ. ಒಬ್ಬಾಕಿನ ಇರತೀನಿ. ರಾತ್ರಿ ಯಾರ್‍ಯಾರೋ ಫೋನ್ ಮಾಡತಾರ."

"ಇಲ್ರಿ ಅಕ್ಕಾರ. ಇದು ನಮ್ಮ ಅಂಗಡಿ ಬಿಟ್ಟು ಹೊರಗ ಹೋಗೂದಿಲ್ಲ."

ನೋಡಿದಿರಾ? ಈ ಹುಡುಗ ಬೇಕಾದಷ್ಟನ್ನೇ ಕೇಳಿದ. ಯಾಕೆ ಬೇಕು ಎಂದು ಹೇಳಿದ. ಬೇಡದ್ದನ್ನು ತಿರುಗಿ ಕೊಟ್ಟ. ಫೋನ್ ನಂಬರಿಗೆ ಒಪ್ಪಿಗೆ ಕೇಳಿದ. ವಿವರ ಕಾಯುವ ಅರ್ಧ ಕೆಲಸ ಇಲ್ಲೇ ಮುಗಿಯಿತು. ಅಂಗಡಿಯಲ್ಲಿ ಇಲ್ಲದ ಝೆರಾಕ್ಸನ್ನು ಯಾರೂ ಕದಿಯಲಾರರು.

ಉಳಿದ ಅರ್ಧ ಕೆಲಸ ಗಿರಾಕಿ ಹೋದ ಮೇಲೆ ಇರುತ್ತದೆ. ಒಳ್ಳೆಯ ಅಂಗಡಿಯವರು ಹೀಗೆ ಮಾಡುತ್ತಾರೆ:

1. ಕಂಪ್ಯೂಟರಿಗೆ ಗುಪ್ತ ಪದ ಇಡುತ್ತಾರೆ. ಅದನ್ನು ಚೀಟಿ ಬರೆದು ಗೋಡೆಗೆ ಅಂಟಿಸುವುದಿಲ್ಲ. ಒಬ್ಬೊಬ್ಬ ಕೆಲಸಗಾರನಿಗೆ ಬೇರೆ ಬೇರೆ ಗುಪ್ತ ಪದ ಇರುತ್ತದೆ. ಯಾರು ಯಾವಾಗ ಏನು ನೋಡಿದರು ಎಂದು ಇದರಿಂದ ತಿಳಿಯುತ್ತದೆ.

2. ಕೆಲಸ ಬಿಟ್ಟು ಹೋದ ಹುಡುಗನ ಗುಪ್ತ ಪದವನ್ನು ಅಂದೇ ಬಂದ್ ಮಾಡುತ್ತಾರೆ. ಕೆಲಸ ಬಿಟ್ಟವನ ಕೈಯಿಂದ ಬೀಗದ ಕೈ ತಿರುಗಿ ತೆಗೆದುಕೊಳ್ಳುವುದಿಲ್ಲವೆ? ಹಾಗೆಯೇ ಇದು.

3. ಕಾಗದದ ವಹಿ, ಅರ್ಜಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.

4. ಗಿರಾಕಿಯ ಕಾಗದವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡರೆ ಕೆಲಸ ಮುಗಿದ ಕೂಡಲೆ ಅಳಿಸುತ್ತಾರೆ. ಇಲ್ಲದಿದ್ದರೆ ಒಂದು ಮೊಬೈಲ್ ಕಳೆದರೆ ಅರ್ಧ ಊರಿನ ಆಧಾರ್ ಕಳೆದಂತೆ.

5. ಕೆಟ್ಟ ಝೆರಾಕ್ಸ್ ಹಾಳೆಯನ್ನು ಹರಿದು ಹಾಕುತ್ತಾರೆ. ಅದು ರದ್ದಿಗೆ ಹೋಗಬಾರದು. ರದ್ದಿಗೆ ಹೋದ ಹಾಳೆ ನಾಳೆ ಚುರುಮುರಿ ಪೊಟ್ಟಣ ಆಗುತ್ತದೆ.

6. ಗಿರಾಕಿಗಳ ಹೆಸರು, ನಂಬರಿನ ಪಟ್ಟಿಯನ್ನು ಬೇರೆ ಕಂಪನಿಗೆ ಮಾರುವುದಿಲ್ಲ.

7. ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಜೋಪಾನವಾಗಿ ಇಡುತ್ತಾರೆ. ಕಂಪ್ಯೂಟರ್ ಕೆಟ್ಟರೆ ಗಿರಾಕಿಯ ಲೆಕ್ಕ ಹೋಗಬಾರದು.

8. ವಿವರ ಕಳುವಾದರೆ ಮುಚ್ಚಿಡುವುದಿಲ್ಲ. ಗಿರಾಕಿಗಳಿಗೆ ತಕ್ಷಣ ಹೇಳುತ್ತಾರೆ.

ಎಂಟನೆಯದು ಎಲ್ಲಕ್ಕಿಂತ ಕಷ್ಟ. ಹೇಳಿದರೆ ಅಂಗಡಿಯ ಹೆಸರು ಕೆಡುತ್ತದೆ ಎಂಬ ಅಂಜಿಕೆ ಇರುತ್ತದೆ. ಆದರೆ ಬೇಗ ಹೇಳಿದರೆ ಗಿರಾಕಿ ಬ್ಯಾಂಕಿಗೆ ಹೋಗಿ ಹಣ ಉಳಿಸಿಕೊಳ್ಳಬಹುದು. ಮುಚ್ಚಿಟ್ಟರೆ ಹಣವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ.

"ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ" ಎಂದು ಬರುವ ಸುಳ್ಳು ಫೋನ್ ನಿಮಗೂ ಬಂದಿರಬಹುದು. ಅವರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಬ್ಯಾಂಕು ಗೊತ್ತಿರುತ್ತದೆ. ಅದಕ್ಕೇ ನಾವು ನಂಬುತ್ತೇವೆ. ಅವರಿಗೆ ಹೇಗೆ ಗೊತ್ತಾಯಿತು? ಎಲ್ಲೋ ಒಂದು ಕಡೆ, ಯಾರೋ ನಮ್ಮ ವಿವರಕ್ಕೆ ಬೀಗ ಹಾಕಿರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕೆ. ಎಸ್. ಪುಟ್ಟಸ್ವಾಮಿ ಎಂಬವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದರು. ನಿವೃತ್ತಿಯಾದ ಎಷ್ಟೋ ವರ್ಷದ ಮೇಲೆ, 2012ರಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲಿ ಒಂದು ದೊಡ್ಡ ಪ್ರಶ್ನೆ ಎದ್ದಿತು. ಮನುಷ್ಯನಿಗೆ ತನ್ನ ಖಾಸಗಿ ಬದುಕಿನ ಮೇಲೆ ಹಕ್ಕು ಇದೆಯೆ?

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ತೀರ್ಪು ಕೊಟ್ಟರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತೂ ಮಂದಿ ಒಂದೇ ಅಭಿಪ್ರಾಯಕ್ಕೆ ಬಂದರು. ಈ ಹಕ್ಕು ಶ್ರೀಮಂತರಿಗೆ ಮಾತ್ರ ಅಲ್ಲ. ಕೂಲಿ ಮಾಡುವವರಿಗೂ ಇದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ತೀರ್ಪು ಇಂದಿಗೂ ಅವರ ಹೆಸರಿನಲ್ಲೇ ಇದೆ.

ಆಮೇಲೆ 2023ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಅದು ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಜವಾಬ್ದಾರಿಗಳಿಗೆ ತಯಾರಾಗಲು ಕಂಪನಿಗಳಿಗೆ ಆಗ 18 ತಿಂಗಳ ಕಾಲ ಕೊಟ್ಟರು. ಕಾಯ್ದೆಯ ಮುಖ್ಯ ಮಾತುಗಳು ಇವು:

ನಿಮ್ಮ ವಿವರ ಯಾಕೆ ಬೇಕು ಎಂದು ಕಂಪನಿ ಸರಳ ಮಾತಿನಲ್ಲಿ ಹೇಳಬೇಕು. ನೀವು ಬೇಕೆಂದರೆ ಕನ್ನಡದಲ್ಲಿಯೇ ಹೇಳಬೇಕು.

ನಿಮ್ಮ ಒಪ್ಪಿಗೆ ಬೇಕಾದ ಕಡೆ ಒತ್ತಾಯ ಮಾಡಬಾರದು. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಆ ಕೆಲಸಕ್ಕೆ ಮಾತ್ರ.

ಕೊಟ್ಟ ಒಪ್ಪಿಗೆಯನ್ನು ನೀವು ತಿರುಗಿ ಪಡೆಯಬಹುದು. ಕೊಡುವುದು ಎಷ್ಟು ಸುಲಭವೋ ತಿರುಗಿ ಪಡೆಯುವುದೂ ಅಷ್ಟೇ ಸುಲಭ ಇರಬೇಕು.

ವಿವರ ತಪ್ಪಿದ್ದರೆ ತಿದ್ದಿಸಬಹುದು. ಕೆಲಸ ಮುಗಿದಿದ್ದರೆ ಅಳಿಸಲು ಹೇಳಬಹುದು. ಕೆಲವು ಲೆಕ್ಕಗಳನ್ನು ಬೇರೆ ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾಗುತ್ತದೆ. ಅವು ಮಾತ್ರ ಉಳಿಯುತ್ತವೆ.

18 ವರ್ಷದೊಳಗಿನ ಮಕ್ಕಳ ವಿವರಕ್ಕೆ ತಂದೆ-ತಾಯಿಯ ಒಪ್ಪಿಗೆ ಬೇಕು.

ವಿವರ ಕಳುವಾದರೆ ಕಂಪನಿ ನಿಮಗೆ ತಿಳಿಸಬೇಕು. ವಿವರ ಕಾಯದೆ ಹೋದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಎರಡು ಮಾತು ಗಮನದಲ್ಲಿಡಿ. ಈ ದಂಡದ ಹಣ ಸರಕಾರಕ್ಕೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಇನ್ನೊಂದು, ಈ ಕಾಯ್ದೆ ಕಂಪ್ಯೂಟರ್, ಮೊಬೈಲಿಗೆ ಏರಿದ ವಿವರಕ್ಕೆ ಮಾತ್ರ. ಬರೀ ಕಾಗದದ ವಹಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಹಳೆಯ ಸಾವಕಾರನ ಮರ್ಯಾದೆಯೇ ಕಾಯಬೇಕು. ಆದ್ದರಿಂದ ಕಾನೂನು ಇದ್ದರೂ ನಮ್ಮ ಎಚ್ಚರ ನಮಗೆ ಬೇಕು.

ನಾವೇನು ಮಾಡಬೇಕು?

ಕೊಡುವ ಮೊದಲು ಕೇಳಿರಿ. "ಇದು ಯಾಕ ಬೇಕ್ರಿ?" ಎಂದು ಕೇಳಲು ನಾಚಿಕೆ ಬೇಡ. ಅದು ಜಗಳದ ಮಾತಲ್ಲ, ಹಕ್ಕಿನ ಮಾತು.

ಆಧಾರ್ ಝೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಬರೆಯಿರಿ. ಯಾವ ಕೆಲಸಕ್ಕೆ ಕೊಟ್ಟಿರಿ, ಯಾವ ದಿನ ಕೊಟ್ಟಿರಿ ಎಂದು ಬರೆದು ಸಹಿ ಮಾಡಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಈ ಒಂದು ಸಾಲು ನಿಮ್ಮ ಕಾವಲುಗಾರ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ. ಅದು ನಡೆಯುವ ಕಡೆ ಅದನ್ನೇ ಕೊಡಿರಿ.

ಹೆಬ್ಬೆಟ್ಟು ಇಡುವ ಮೊದಲು ಮಷೀನಿನ ಮೇಲಿನ ಅಂಕಿ ಓದಿರಿ. ಗೊಬ್ಬರಕ್ಕೊ, ರೇಶನ್‌ಗೊ, ಹಣಕ್ಕೊ? ಹಣವಾದರೆ ಎಷ್ಟು? ಚೀಟಿ ಕೇಳಿ ಪಡೆಯಿರಿ. ಚೀಟಿಯ ಅಂಕಿ, ಕೈಗೆ ಬಂದ ಹಣ ಎರಡನ್ನೂ ತಾಳೆ ನೋಡಿರಿ.

"ಆಗಲಿಲ್ಲ, ಇನ್ನೊಮ್ಮೆ ಇಡ್ರಿ" ಎಂದರೆ ಎಚ್ಚರ. ಕೆಲವು ಸಲ ನಿಜವಾಗಿಯೂ ಆಗಿರುವುದಿಲ್ಲ. ದುಡಿದ ಕೈಯ ಗೆರೆ ಸವೆದಿರುತ್ತದೆ. ಆದರೆ ಕೆಲವರು ಮೊದಲ ಸಲವೇ ಹಣ ತೆಗೆದು, ಆಗಲಿಲ್ಲ ಎನ್ನುತ್ತಾರೆ. "ಆಗಿಲ್ಲ ಅನ್ನೋ ಚೀಟಿ ಕೊಡ್ರಿ, ಆಮ್ಯಾಲ ಇಡತೀನಿ" ಎಂದು ಹೇಳಿರಿ.

ಮೊಬೈಲಿಗೆ ಬರುವ ಗುಪ್ತ ನಂಬರನ್ನು ಯಾರಿಗೂ ಹೇಳಬೇಡಿರಿ. ಬ್ಯಾಂಕಿನವರು ಅದನ್ನು ಫೋನಿನಲ್ಲಿ ಕೇಳುವುದಿಲ್ಲ.

ಹೆಬ್ಬೆಟ್ಟಿಗೂ ಬೀಗ ಹಾಕಬಹುದು. ಆಧಾರ್‌ನ ಮೊಬೈಲ್ ಆಪಿನಲ್ಲಿ ಬೆರಳಚ್ಚು ಬಂದ್ ಮಾಡುವ ಸೌಲಭ್ಯ ಇದೆ. ಬಂದ್ ಮಾಡಿದರೆ ಆ ಹೆಬ್ಬೆಟ್ಟು ಎಲ್ಲಿಯೂ ನಡೆಯುವುದಿಲ್ಲ. ರೇಶನ್, ಗೊಬ್ಬರಕ್ಕೆ ಹೋಗುವಾಗ ತೆರೆಯಬೇಕು. ಮನೆಯಲ್ಲಿ ಕಲಿತ ಮಕ್ಕಳಿದ್ದರೆ ಅವರಿಂದ ಮಾಡಿಸಿರಿ. ಆಧಾರ್ ಬಗ್ಗೆ ಕೇಳಲು 1947ಕ್ಕೆ ಫೋನ್ ಮಾಡಬಹುದು.

ಖಾತೆಯಿಂದ ಹಣ ಹೋಗಿದೆ ಎಂದು ಗೊತ್ತಾದರೆ ತಡ ಮಾಡಬೇಡಿರಿ. ಕೂಡಲೆ 1930ಕ್ಕೆ ಫೋನ್ ಮಾಡಿರಿ. ಬ್ಯಾಂಕಿಗೆ ಬರೆದು ಕೊಡಿರಿ, ಅದರ ಪ್ರತಿಗೆ ಸಿಕ್ಕೆ ಹಾಕಿಸಿಕೊಳ್ಳಿರಿ. ಪೊಲೀಸ್ ಠಾಣೆಗೆ ಹೋಗಿರಿ. ಬೇಗ ಹೇಳಿದಷ್ಟೂ ಹಣ ತಡೆಯುವುದು ಸುಲಭ. "ಮಂದಿ ನಗತಾರ" ಎಂದು ಸುಮ್ಮನಿದ್ದರೆ ಕಳ್ಳನಿಗೆ ಅನುಕೂಲ.

ಅಂಗಡಿ ಇಟ್ಟವರಿಗೆ ಒಂದು ಮಾತು

ಈ ಪುಸ್ತಕ ಓದುವವರಲ್ಲಿ ಸಣ್ಣ ಅಂಗಡಿ ಇಟ್ಟವರೂ ಇರಬಹುದು. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಅಕ್ಕಂದಿರೂ ಇರಬಹುದು. ನಿಮ್ಮ ಕೈಯಲ್ಲಿರುವ ವಿವರ ನಿಮ್ಮ ಸ್ವತ್ತಲ್ಲ. ಅದು ನಿಮ್ಮ ಹತ್ತಿರ ಕಾಯಲು ಕೊಟ್ಟದ್ದು. ನೆರೆಮನೆಯವರು ಊರಿಗೆ ಹೋಗುವಾಗ ಮನೆಯ ಬೀಗದ ಕೈ ಕೊಟ್ಟು ಹೋಗುತ್ತಾರೆ. ಆ ಬೀಗದ ಕೈಯನ್ನು ನಾವು ಬೇರೆಯವರಿಗೆ ಕೊಡುತ್ತೇವೆಯೆ? ನಾವೇ ಬೀಗ ತೆಗೆದು ಒಳಗೆ ಹೋಗುತ್ತೇವೆಯೆ? ಇಲ್ಲ. ಜೋಪಾನವಾಗಿಟ್ಟು ತಿರುಗಿ ಕೊಡುತ್ತೇವೆ.

ಗಿರಾಕಿಯ ವಿವರವನ್ನೂ ಹಾಗೆಯೇ ಕಾಯಬೇಕು. ಬೇಕಾದಷ್ಟೇ ಪಡೆಯಿರಿ. ಕೆಲಸ ಮುಗಿಯುವವರೆಗೆ ಜೋಪಾನ ಮಾಡಿರಿ. ಮುಗಿದ ಮೇಲೆ ತಿರುಗಿ ಕೊಡಿರಿ, ಇಲ್ಲವೆ ಅಳಿಸಿರಿ.

ನೆನಪಿಡಿರಿ

ವಿವರ ಕೊಟ್ಟ ಮೇಲೂ ಅದು ನಮ್ಮದೇ.
ಕೇಳಿ ಕೊಡೋಣ, ಓದಿ ಒತ್ತೋಣ.
ಚೀಟಿ ಪಡೆಯೋಣ, ತಾಳೆ ನೋಡೋಣ.
ಹಣ ಹೋದರೆ ಕೂಡಲೆ 1930.

ಹೊಸ ಪದಗಳು

ವೈಯಕ್ತಿಕ ಮಾಹಿತಿ: ಒಬ್ಬರ ಗುರುತು ಹೇಳುವ ವಿವರ.
ಖಾಸಗಿತನ: ನಮ್ಮ ಬದುಕಿನ ವಿಷಯ ನಮ್ಮ ಹತ್ತಿರವೇ ಇರುವುದು.
ಒಪ್ಪಿಗೆ: ತಿಳಿದು, ಮನಸ್ಸಿನಿಂದ "ಆಗಲಿ" ಎನ್ನುವುದು.
ಗುಪ್ತ ಪದ: ಕಂಪ್ಯೂಟರಿನ ಬೀಗದ ಕೈ.

ಕೂಡಿ ಮಾತಾಡಿರಿ

1. ಕಳೆದ ಒಂದು ತಿಂಗಳಲ್ಲಿ ನೀವು ಎಲ್ಲೆಲ್ಲಿ ಹೆಬ್ಬೆಟ್ಟು ಇಟ್ಟಿರಿ? ಯಾವ ಕೆಲಸಕ್ಕೆ?
2. ನಿಮ್ಮ ಆಧಾರ್ ಝೆರಾಕ್ಸ್ ಯಾರ ಯಾರ ಹತ್ತಿರ ಇದೆ? ಎಣಿಸಿ ಹೇಳಿರಿ.
3. ಗೊಬ್ಬರದ ಅಂಗಡಿಯ ಹುಡುಗ ಪಾಸ್‌ಬುಕ್ ಝೆರಾಕ್ಸನ್ನು ಯಾಕೆ ತೆಗೆದುಕೊಳ್ಳಲಿಲ್ಲ?
4. ಒಂದು ಹಾಳೆಯ ಮೇಲೆ ಹೀಗೆ ಬರೆದು ರೂಢಿ ಮಾಡಿರಿ: "ಈ ಪ್ರತಿಯನ್ನು ............ ಕೆಲಸಕ್ಕೆ ಮಾತ್ರ ಕೊಟ್ಟಿದ್ದೇನೆ." ಕೆಳಗೆ ತಾರೀಖು ಹಾಕಿ ಸಹಿ ಮಾಡಿರಿ.